ಹೊನ್ನಾವರದ ಕಡಲ ದಂಡನಾಯಕ ತಿಮ್ಮೋಜ



ಹೊಳೆಯಾಚೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಸಾಲು ಸಾಲು ಕುದುರೆ ಕೆತ್ತಿದ್ದನ್ನು ನಾವೆಲ್ಲಾ ನೋಡೇವಿ. ಆಗಿನ ದಂಡಿಗೆ ಬೇಕಾದ ಒಳ್ಳೆಯ ತಳಿಯ ಕುದುರೆಗಳು ನಮ್ಮ ಸೀಮೆಯಲ್ಲಿ ಹುಟ್ಟಿದವಲ್ಲ. ಅರಬಸ್ತಾನ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬಂದು, ಭಟ್ಕಳದಂಥ ಬಂದರಗಳಲ್ಲಿ ಇಳಿದು, ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. 1472ರಲ್ಲಿ ಗೋವೆ ಬಂದರವು ಬಹಮನಿಗಳ ಪಾಲಾಯಿತು, ಮುಂದೆ ಬಿಜಾಪುರದವರ ಕೈಸೇರಿತು. ಆದ್ದರಿಂದ ವಿಜಯನಗರಕ್ಕೆ ಕಡಲ ದಾರಿ ಕಾಯುವ ಗಟ್ಟಿ ಆಳು ಬೇಕಾಗಿತ್ತು. ಅಂಥವನೇ ಹೊನ್ನಾವರದ ತಿಮ್ಮೋಜ.

ಶರಾವತಿ ಹೊಳೆ ಸಮುದ್ರ ಸೇರುವಲ್ಲಿ ಹೊನ್ನಾವರವಿದೆ. ಅಲ್ಲಿ ತಿಮ್ಮೋಜನ ಹಡಗುಗಳ ಪಡೆ ಇತ್ತು. ಗೋವೆಗೆ ಹೊರಟ ಕುದುರೆ ಹಡಗುಗಳನ್ನು ಅಡ್ಡಗಟ್ಟಿ ವಿಜಯನಗರದ ಕಡೆಯ ಬಂದರಗಳಿಗೆ ತಿರುಗಿಸುವುದು ಅವನ ಕೆಲಸ. ಪೋರ್ಚುಗೀಸರು ಇವನನ್ನು ಕಡಲುಗಳ್ಳನೆಂದು ಬರೆದರು. ಆದರೆ ಅವನು ತನ್ನ ಅರಸರಿಗಾಗಿ ದುಡಿದವನು. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟನು. ಆಗ ನಡುವೆ ನಿಂತು ರಾಜಿ ಮಾಡಿಸಿದವನೂ ತಿಮ್ಮೋಜನೇ.

1510ರಲ್ಲಿ ಅಲ್ಬುಕರ್ಕನೆಂಬ ಪೋರ್ಚುಗೀಸ್ ದಳಪತಿ ಕೆಂಪು ಸಮುದ್ರದ ಕಡೆಗೆ ಹೊರಟಿದ್ದ. ಗೋವೆಯಲ್ಲಿ ಕಾವಲು ಸಡಿಲಾಗಿದೆ, ಅಲ್ಲಿನ ಜನ ಬೇಸತ್ತಿದ್ದಾರೆ, ಇದೇ ಸಮಯವೆಂದು ತಿಮ್ಮೋಜನು ಅವನ ಮನ ತಿರುಗಿಸಿದ. ಇಬ್ಬರೂ ಕೂಡಿ ಹೋದರು, ಗೋವೆ ಕೈವಶವಾಯಿತು. ಆದರೆ ಮೂರೇ ತಿಂಗಳಲ್ಲಿ ಬಿಜಾಪುರದ ದಂಡು ಬಂದು ಪೋರ್ಚುಗೀಸರನ್ನು ಹೊರಗಟ್ಟಿತು. ಮಳೆಗಾಲದ ಬಿರುಗಡಲಿಗೆ ಹೋಗಲಾರದೆ ಅವರು ಮಾಂಡೋವಿ ಹೊಳೆಯಲ್ಲಿಯೇ ಹಡಗಿನೊಳಗೆ ಉಪವಾಸ ಬಿದ್ದರು. ಮಳೆ ನಿಂತ ಮೇಲೆ ತಿಮ್ಮೋಜನ ನೆರವು ಪಡೆದು, 1510ರ ನವೆಂಬರ್ 25ರಂದು ಗೋವೆಯನ್ನು ಮತ್ತೆ ಗೆದ್ದರು.

ಗೋವೆಯ ಆಡಳಿತ ತನಗೇ ಸಿಗುತ್ತದೆಂದು ತಿಮ್ಮೋಜ ನಂಬಿದ್ದ. ಅಲ್ಬುಕರ್ಕ ಕೊಡಲಿಲ್ಲ. ಕೋಟೆಯನ್ನೂ ಬಂದರವನ್ನೂ ತಾನೇ ಇಟ್ಟುಕೊಂಡು, ಕಂದಾಯ ವಸೂಲಿ ಮತ್ತು ಹಿಂದೂ ಜನರ ಮುಖಂಡತ್ವವನ್ನಷ್ಟೇ ಇವನಿಗೆ ವಹಿಸಿದ. ವಸೂಲಿ ಎಂದ ಮೇಲೆ ಜನರ ತಕರಾರು ಬಂದೇ ಬರುತ್ತದೆ. ಸ್ವಲ್ಪ ದಿನಕ್ಕೆ ಆ ಅಧಿಕಾರವೂ ಹೊನ್ನಾವರದ ಅರಸು ಮನೆತನದ ಮಲ್ಹಾರರಾಯನಿಗೆ ಹೋಯಿತು. ಬಿಜಾಪುರದವರೊಡನೆ ಮತ್ತೆ ನಡೆದ ಕಾಳಗದಲ್ಲಿ ಸೋತು ಇಬ್ಬರೂ ವಿಜಯನಗರಕ್ಕೆ ಬಂದರು. ಕಡಲಲ್ಲಿ ಬಾಳಿದ ತಿಮ್ಮೋಜನು ಕಡಲೇ ಕಾಣದ ಈ ನೆಲದಲ್ಲಿ ಕಣ್ಣು ಮುಚ್ಚಿದನು. ಅವನು ದಾರಿ ತೋರಿಸಿಕೊಟ್ಟ ಗೋವೆ ಮಾತ್ರ 1961ರ ವರೆಗೆ, ಅಂದರೆ 451 ವರ್ಷ, ಪರದೇಶದವರ ಕೈಯಲ್ಲೇ ಉಳಿಯಿತು. ಕುದುರೆ ವ್ಯಾಪಾರದ ಬೀಗದ ಕೈಯೂ ಅವರದೇ ಆಯಿತು.

ತಿಮ್ಮೋಜ ಶೂರನಿದ್ದ, ಕಡಲು ಬಲ್ಲವನಿದ್ದ, ಹಡಗು ಮಂದಿ ಎಲ್ಲಾ ಇತ್ತು. ಎಡವಿದ್ದು ಒಂದೇ ಕಡೆ. ಗೆದ್ದ ಮೇಲೆ ಯಾರ ಪಾಲು ಎಷ್ಟೆಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳದೆ, ತನಗಿಂತ ಬಲಾಢ್ಯನ ಜೊತೆ ಕೈಜೋಡಿಸಿದ. ಸಹಕಾರವೆಂದರೆ ಬರೀ ಕೂಡಿ ದುಡಿಯುವುದಲ್ಲ. ದೊಡ್ಡ ಹಿಡುವಳಿದಾರನಿಗೂ ಒಂದೇ ಮತ, ಎರಡು ಎಕರೆಯವನಿಗೂ ಒಂದೇ ಮತ. ಠರಾವು ಪುಸ್ತಕದಲ್ಲಿ ಬರೆದದ್ದು ಇಬ್ಬರಿಗೂ ಒಂದೇ. ಸರ್ವಸಾಧಾರಣ ಸಭೆಗೆ ಬರುವುದನ್ನೂ, ಲೆಕ್ಕಪತ್ರ ಕೇಳುವುದನ್ನೂ ನಾವು ಬಿಡಬಾರದು. ಇಪ್ಪತ್ತೈದು ತುಂಬಿದ ನಮ್ಮ ಸಂಘ ಐವತ್ತನ್ನೂ ಕಾಣಬೇಕಾದರೆ ಇದೇ ದಾರಿ.