ಕಲ್ಯಾಣದ ದೊರೆ, ರಸವಾದ ಮತ್ತು ಸೂಕ್ಷ್ಮಜೀವಿ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ. 1076ರಿಂದ 1126ರವರೆಗೆ ಆಳಿದ ಆ ದೊರೆಯನ್ನು ಹೊಗಳಲು ಬಿಲ್ಹಣನಿದ್ದ. ಧರ್ಮಶಾಸ್ತ್ರ ಬಿಡಿಸಿ ಹೇಳಲು ವಿಜ್ಞಾನೇಶ್ವರನಿದ್ದ. ಅಂಥ ತಂದೆಯ ಪಟ್ಟಕ್ಕೆ ಬಂದ ಮೂರನೆಯ ಸೋಮೇಶ್ವರನಿಗೆ ಮಾತ್ರ ಕತ್ತಿಗಿಂತ ಲೇಖನಿಯೇ ಹೆಚ್ಚು ಒಲಿದಿತ್ತು.

ಅವನು ಆಳಿದ್ದು ಹನ್ನೆರಡು ವರ್ಷ. ಇಂದಿನ ಬಸವಕಲ್ಯಾಣವೇ ಅವನ ರಾಜಧಾನಿ. ಆ ಅವಧಿಯಲ್ಲಿ ವೆಂಗಿ ನಾಡು ಚೋಳರ ಪಾಲಾಯಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ದಿನೇ ದಿನೇ ಬಲಿಯುತ್ತಿದ್ದ. ಭೂಲೋಕಮಲ್ಲ ಎಂಬ ಬಿರುದಿಗೆ ಯುದ್ಧಭೂಮಿಯಲ್ಲಿ ದೊರೆತ ಆಧಾರ ಅಷ್ಟಕ್ಕಷ್ಟೆ. ಸರ್ವಜ್ಞ ಚಕ್ರವರ್ತಿ ಎಂಬ ಇನ್ನೊಂದು ಬಿರುದಿಗೆ ಮಾತ್ರ ಅವನು ಗಟ್ಟಿ ಸಾಕ್ಷ್ಯ ಬಿಟ್ಟುಹೋಗಿದ್ದಾನೆ. ತಂದೆಯ ಚರಿತ್ರೆಯನ್ನು ಹೇಳಲು ಹೊರಟ ‘ವಿಕ್ರಮಾಂಕಾಭ್ಯುದಯ’ ಅಪೂರ್ಣವಾಗಿ ದೊರೆತಿದೆ. ಆದರೆ 1129ರ ಸುಮಾರಿಗೆ ರಚಿತವಾದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಇಡಿಯಾಗಿ ಉಳಿದಿದೆ. ಐದು ವಿಂಶತಿಗಳು, ಒಂದೊಂದರಲ್ಲೂ ಇಪ್ಪತ್ತು ಅಧ್ಯಾಯ. ರಾಜ್ಯ ಗಳಿಸುವುದು, ಗಳಿಸಿದ್ದನ್ನು ಉಳಿಸಿಕೊಳ್ಳುವುದು, ಅನಂತರ ಉಪಭೋಗ, ವಿನೋದ, ಕ್ರೀಡೆ. ಆನೆ ಹಿಡಿಯುವ ಬಗೆ, ಮೀನಿಗೆ ಹಾಕುವ ಆಹಾರ, ಚಿತ್ರಕ್ಕೆ ಬಣ್ಣ, ಅಡುಗೆಮನೆಯಲ್ಲಿ ಉದ್ದಿನ ಇಡ್ಡರಿಕೆ, ಹೀಗೆ ದೊರೆಯ ಕುತೂಹಲ ಹೊಗದ ಕೋಣೆಯಿಲ್ಲ. ಇಂದಿನ ಇಡ್ಲಿಯ ವಂಶಾವಳಿ ಹುಡುಕುವವರೂ ಈ ಕೃತಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಎರಡನೆಯ ವಿಂಶತಿಯಲ್ಲಿ ಕೋಶ, ಎಂದರೆ ಬೊಕ್ಕಸದ ವಿಚಾರ ಬರುತ್ತದೆ. ರತ್ನಗಳನ್ನು ಪರೀಕ್ಷಿಸುವ ಕ್ರಮವನ್ನು ವಿವರಿಸುವ ಸೋಮೇಶ್ವರ, ಧಾತುವಾದದ ಮೂಲಕವೂ ಬೊಕ್ಕಸ ತುಂಬಿಕೊಳ್ಳಬಹುದೆಂದು ಭಾವಿಸಿದ್ದ. ಕೀಳು ಲೋಹವನ್ನು ಚಿನ್ನ ಬೆಳ್ಳಿಯಾಗಿಸುವ ವಿದ್ಯೆಯೇ ಧಾತುವಾದ. ಹನ್ನೆರಡನೆಯ ಶತಮಾನದ ಜಗತ್ತಿನಲ್ಲಿ ಇದು ಮೌಢ್ಯವೆನಿಸಿರಲಿಲ್ಲ. ಅರಬರು, ಚೀನೀಯರು, ಯುರೋಪಿನವರು, ಎಲ್ಲರೂ ಅದೇ ಕುಲುಮೆ ಊದುತ್ತಿದ್ದರು.

ವಿಚಿತ್ರವೆಂದರೆ ಅದೇ ಕೃತಿಯ ಇನ್ನೊಂದು ಭಾಗ ಈ ಆಸೆಗೆ ಅರಿಯದೆಯೇ ಉತ್ತರ ಕೊಡುತ್ತದೆ. ಮೇಣದ ಅಚ್ಚಿನಿಂದ ವಿಗ್ರಹ ಎರಕ ಹೊಯ್ಯುವಾಗ ಮೊದಲು ಮೇಣವನ್ನು ತೂಗಬೇಕು. ತಾಮ್ರ, ಹಿತ್ತಾಳೆಗಳಾದರೆ ಅದರ ಎಂಟು-ಹತ್ತು ಪಟ್ಟು, ಬೆಳ್ಳಿಯಾದರೆ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ಬೇಕೆಂದು ಅಲ್ಲಿ ಹೇಳಿದೆ. ಒಂದೇ ಅಚ್ಚಿಗೆ ಒಂದೊಂದು ಲೋಹ ಒಂದೊಂದು ತೂಕ. ತಾಮ್ರಕ್ಕೆ ಹೊಂಬಣ್ಣ ಬಳಿಯಬಹುದು, ಅದರ ಸಾಂದ್ರತೆಯನ್ನು ಬದಲಿಸಲಾಗದು. ಬೊಕ್ಕಸದ ರಸವಾದಿಯನ್ನು ಎರಕದವನ ತಕ್ಕಡಿಯ ಮುಂದೆ ನಿಲ್ಲಿಸುವ ಯೋಚನೆ ದೊರೆಗೆ ಹೊಳೆಯಲಿಲ್ಲ.

ಲೋಹ ಮಾರ್ಪಡಿಸುವ ಆಸೆ ಸತ್ತಿಲ್ಲ. ಕುಲುಮೆಯಿಂದ ಜೀವಕೋಶಕ್ಕೆ ಮನೆ ಬದಲಿಸಿದೆಯಷ್ಟೆ. ಕೋಳಿಯ ಒಡಲು ಪೊಟ್ಯಾಸಿಯಂ ಅನ್ನು ಕ್ಯಾಲ್ಸಿಯಂ ಆಗಿಸುತ್ತದೆ, ಸೂಕ್ಷ್ಮಜೀವಿಗಳೂ ಒಂದು ಮೂಲಧಾತುವನ್ನು ಇನ್ನೊಂದಾಗಿ ಬದಲಿಸಬಲ್ಲವು ಎಂದು ಫ್ರಾನ್ಸಿನ ಲೂಯಿ ಕೆರ್ವ್ರಾನ್ 1960ರ ದಶಕದಲ್ಲಿ ವಾದಿಸಿದ. ಕೋಳಿ ತನ್ನ ಮೂಳೆಯಲ್ಲಿ ಕೂಡಿಟ್ಟ ಸುಣ್ಣವನ್ನೇ ಮೊಟ್ಟೆಯ ಚಿಪ್ಪಿಗೆ ಬಳಸುತ್ತದೆಂಬುದನ್ನು ಅವನ ಅಭಿಮಾನಿಗಳು ಮರೆಯುತ್ತಾರೆ. 1993ರಲ್ಲಿ ಅವನಿಗೆ ಸಂದದ್ದು ಹಾಸ್ಯಕ್ಕೆ ಕೊಡುವ ಇಗ್ ನೊಬೆಲ್. ಜೀವಕೋಶದಲ್ಲಿ ನಡೆಯುವ ಕ್ರಿಯೆಗಳು ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳ ವ್ಯವಹಾರ. ಧಾತು ಬದಲಾಗಬೇಕಾದರೆ ಒಳಗಿನ ನ್ಯೂಕ್ಲಿಯಸ್ಸೇ ಬದಲಾಗಬೇಕು. ಅದಕ್ಕೆ ತಗಲುವ ಶಕ್ತಿ ಲಕ್ಷಾಂತರ ಪಟ್ಟು ಹೆಚ್ಚು. ಸೀಸದಿಂದ ಚಿನ್ನ ಹುಟ್ಟಿದ್ದನ್ನು ಜಿನೀವಾದ ಸರ್ನ್ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದರು ನಿಜ. ಆದರೆ ಆ ಮಹಾಯಂತ್ರ 2015ರಿಂದ 2018ರವರೆಗೆ ಮಾಡಿದ ಚಿನ್ನ ಗ್ರಾಮಿನ ಲಕ್ಷಕೋಟಿಯಲ್ಲಿ 29 ಭಾಗ ಮಾತ್ರ, ಅದೂ ಕ್ಷಣಾರ್ಧದಲ್ಲಿ ಛಿದ್ರವಾಯಿತು.

ಹಾಗೆಂದು ಸೂಕ್ಷ್ಮಜೀವಿಯನ್ನು ಹಗುರಾಗಿ ಕಾಣಬೇಕಿಲ್ಲ. ಕ್ಯುಪ್ರಿಯಾವಿಡಸ್ ಮೆಟಲಿಡ್ಯುರಾನ್ಸ್ ಎಂಬ ಬ್ಯಾಕ್ಟೀರಿಯಾ ವಿಷಕಾರಿ ಚಿನ್ನದ ಲವಣವನ್ನು ಹೊಳೆಯುವ ಲೋಹದ ಕಣವಾಗಿಸುತ್ತದೆ. ಅದರ ಕುಲನಾಮದ ಅರ್ಥ ತಾಮ್ರಪ್ರಿಯ ಎಂದು! ಸೋಮೇಶ್ವರನಿಗೆ ತೋರಿಸಿದ್ದರೆ ಆಸ್ಥಾನದಲ್ಲೇ ಸಾಕಿಕೊಳ್ಳುತ್ತಿದ್ದನೋ ಏನೋ. ಆದರೆ ಆ ಚಿನ್ನ ಮೊದಲೂ ಚಿನ್ನವೇ ಆಗಿತ್ತು, ಲವಣದ ವೇಷದಲ್ಲಿತ್ತು ಅಷ್ಟೆ.

ಈ ವ್ಯತ್ಯಾಸ ಬರಿಯ ಪಾಂಡಿತ್ಯದ ಮಾತಲ್ಲ. ಬಸವಕಲ್ಯಾಣ, ಹುಮನಾಬಾದ್ ಸುತ್ತಿನ ಎರೆಭೂಮಿಯಲ್ಲಿ ತೊಗರಿ ಬಿತ್ತುವ ರೈತನ ಬದುಕಿಗೆ ಇದು ಸಂಬಂಧಿಸಿದೆ. ತೊಗರಿಯ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಬೆಳೆಗೆ ಒಗ್ಗುವ ರೂಪಕ್ಕೆ ತರುತ್ತದೆ. ಮಣ್ಣಿನಲ್ಲಿ ಸಿಕ್ಕಿಕೊಂಡ ರಂಜಕವನ್ನು ಬಿಡಿಸಿಕೊಡುವ ಜೀವಿಗಳಿವೆ. ಜೀವಾಮೃತ ಎರೆದಾಗ ಇಂಥ ಜೀವಿಗಳು ವೃದ್ಧಿಸಿದರೆ ಸಂತೋಷವೇ. ಆದರೆ ಅವು ಇಲ್ಲದ ಸತುವನ್ನು ಸೃಷ್ಟಿಸಲಾರವು, ಸುಣ್ಣವನ್ನು ಗಂಧಕವಾಗಿಸಲಾರವು. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ವ್ಯಾಪಕವಾಗಿ ಕಂಡುಬಂದದ್ದು ಸತು, ಬೋರಾನ್, ಗಂಧಕಗಳ ಕೊರತೆಯೇ. ಸುಗ್ಗಿಯ ಗಾಡಿಯಲ್ಲಿ ಹೊಲ ಬಿಟ್ಟುಹೋದ ಸತು ಗೊಬ್ಬರದ ರೂಪದಲ್ಲಿ ಹೊರಗಿನಿಂದಲೇ ಮರಳಬೇಕು. ಸೂಕ್ಷ್ಮಜೀವಿಗಳು ಎಲ್ಲವನ್ನೂ ಹುಟ್ಟಿಸಿಕೊಡುತ್ತವೆಂದು ರೈತನನ್ನು ನಂಬಿಸುವವರು ನಷ್ಟವಾದಾಗ ಅವನ ಸಾಲದಲ್ಲಿ ಪಾಲು ಕೇಳುವುದಿಲ್ಲ.

ಸೋಮೇಶ್ವರ 1138ರಲ್ಲಿ ತೀರಿಕೊಂಡ. ಮಗ ಜಗದೇಕಮಲ್ಲ ಪಟ್ಟವೇರಿದ. ಅವನ ತರುವಾಯ ಬಂದ ತೈಲಪನ ಕಾಲಕ್ಕೆ ಕಲ್ಯಾಣ ಕಳಚುರಿ ಬಿಜ್ಜಳನ ವಶವಾಯಿತು. ಬೊಕ್ಕಸದಲ್ಲಿದ್ದುದು ಯಾರ ಕೈ ಸೇರಿತೋ. ಗ್ರಂಥ ಮಾತ್ರ ತಾಳೆಗರಿಗಳಲ್ಲಿ ಉಳಿದು, 1925ರಲ್ಲಿ ಬರೋಡಾದಿಂದ, ಮರುವರ್ಷ ಮೈಸೂರಿನಿಂದ ಅಚ್ಚಾಗತೊಡಗಿತು.