ಕಾಂಟ್ ಮೇಷ್ಟ್ರ ವಾಕಿಂಗ್

ಸೆಮಿಸ್ಟರ್ ಶುರುವಾದ ಮೊದಲ ವಾರ ಹಾಸ್ಟೆಲ್ ಹಿಂದಿನ ಗ್ರೌಂಡ್ ನೋಡಬೇಕು. ಬೆಳಿಗ್ಗೆ ಆರಕ್ಕೇ ಜಾತ್ರೆ. ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟು, ಕಿವಿಗೆ ಇಯರ್‌ಫೋನು. ಮೂರನೇ ವಾರಕ್ಕೆ ಹತ್ತು ಜನ ಉಳಿದಿದ್ರೆ ಹೆಚ್ಚು. ಫಸ್ಟ್ ಇಂಟರ್ನಲ್ಸ್ ಮುಗಿಯೋ ಹೊತ್ತಿಗೆ ವಾಚ್‌ಮನ್ನು, ಎರಡು ನಾಯಿ, ಅಷ್ಟೇ. ನಾನೂ ಆ ಮೊದಲ ವಾರದ ಆರಂಭಶೂರರಲ್ಲಿ ಒಬ್ಬ, ಮೂರು ಸೆಮಿಸ್ಟರ್‌ನಿಂದ ತಪ್ಪದೆ. ನಿಂತು ಹೋದಾಗೆಲ್ಲ ಸಿಗೋ ಕಾರಣ ಒಂದೇ: ಮೋಟಿವೇಶನ್ ಇಲ್ಲ ಮಗಾ.

ಇಂಥ ಹೊತ್ತಲ್ಲಿ ಯಾರಾದ್ರೂ ಹಿರಿಯರು ಇಮ್ಯಾನುಯೆಲ್ ಕಾಂಟ್ ಹೆಸರು ತೆಗೆದ್ರೆ ಮೈ ಉರಿಯುತ್ತೆ. ಅದೇ, ಊರಿನವರು ಅವರ ವಾಕಿಂಗ್ ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ ಅನ್ನೋ ಕಥೆ. ಮನುಷ್ಯನಾ, ಮೆಷಿನ್ನಾ ಅನ್ನಿಸುತ್ತೆ. ಹುಟ್ಟುವಾಗಲೇ ಹಾಗಿದ್ದವರ ಜೊತೆ ನಮ್ಮನ್ನು ಹೋಲಿಸಿದ್ರೆ ಹೇಗೆ ಹೇಳಿ? ಆದರೆ ಅವರ ಜೀವನದ ಬಗ್ಗೆ ಓದುತ್ತಾ ಹೋದಾಗ ಒಂದು ವಿಷಯ ಗೊತ್ತಾಯ್ತು. ಸುಮಾರು ನಲವತ್ತರವರೆಗೆ ಈ ಮೇಷ್ಟ್ರೂ ಹಾಗಿರಲಿಲ್ಲ. ಆ ಕಥೆ ಯಾರೂ ಹೇಳೋದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಕಾಂಟ್ ಹುಟ್ಟಿದ್ದು 1724ರ ಏಪ್ರಿಲ್ 22ರಂದು, ಪೂರ್ವ ಪ್ರಶ್ಯದ ಕೋನಿಗ್ಸ್‌ಬರ್ಗ್‌ನಲ್ಲಿ. ಈಗ ಆ ಊರು ರಷ್ಯಾಕ್ಕೆ ಸೇರಿದೆ, ಹೆಸರು ಕಲಿನಿನ್‌ಗ್ರಾದ್. ಗ್ರಾಫ್ ಥಿಯರಿಯ ಮೊದಲ ಕ್ಲಾಸಲ್ಲಿ ಏಳು ಸೇತುವೆಗಳ ಲೆಕ್ಕ ಮಾಡಿಸ್ತಾರಲ್ಲ, ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಿ ಬರೋಕೆ ಆಗುತ್ತಾ ಅಂತ, ಅದೇ ಊರು. ಆಯ್ಲರ್ ಆ ಸಮಸ್ಯೆ ಬಿಡಿಸಿದಾಗ ಕಾಂಟ್ ಇನ್ನೂ ಹನ್ನೊಂದು-ಹನ್ನೆರಡರ ಹುಡುಗ. ವಾಕಿಂಗಿನಿಂದಲೇ ಹೆಸರಾಗಬೇಕು ಅಂತ ಆ ಊರಿನ ಹಣೆಯಲ್ಲಿ ಬರೆದಿತ್ತೋ ಏನೋ.

ಅಪ್ಪನದು ಕುದುರೆಗಳಿಗೆ ಚರ್ಮದ ಪಟ್ಟಿ, ಲಗಾಮು ಹೊಲಿಯೋ ಕಸುಬು. ಮನೆಯಲ್ಲಿ ದುಡ್ಡಿರಲಿಲ್ಲ. ಹದಿಮೂರಕ್ಕೆ ಅಮ್ಮ ತೀರಿಕೊಂಡರು. ಹದಿನಾರಕ್ಕೆ ಯೂನಿವರ್ಸಿಟಿ ಸೇರಿದರು. 1746ರಲ್ಲಿ ಅಪ್ಪನೂ ಹೋದ ಮೇಲೆ ಕೆಲವು ವರ್ಷ ಹಳ್ಳಿ ಕಡೆಯ ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ದಿನ ದೂಡಿದರು. ಊರಿಗೆ ವಾಪಸ್ ಬಂದು 1755ರಲ್ಲಿ ಯೂನಿವರ್ಸಿಟಿಯಲ್ಲಿ ಪಾಠ ಶುರು ಮಾಡಿದಾಗ ವಯಸ್ಸು 31. ಸಂಬಳ ಇಲ್ಲ. ಕ್ಲಾಸಿಗೆ ಬಂದ ಹುಡುಗರು ಕೊಟ್ಟ ಫೀಸೇ ಆದಾಯ. ಹಾಗಾಗಿ ತರ್ಕಶಾಸ್ತ್ರ, ಗಣಿತ, ಮೆಕ್ಯಾನಿಕ್ಸ್, ಭೂಗೋಳ, ಕೋಟೆ ಕಟ್ಟೋ ವಿದ್ಯೆ, ಯಾವುದಕ್ಕೆ ಗಿರಾಕಿ ಇದೆಯೋ ಅದೆಲ್ಲ ಹೇಳಿಕೊಟ್ಟರು. ಇವತ್ತಿನ ಲೆಕ್ಕದಲ್ಲಿ ಗೆಸ್ಟ್ ಫ್ಯಾಕಲ್ಟಿ. ಅದು ಒಂದೆರಡು ವರ್ಷದ ಮಾತಲ್ಲ, 15 ವರ್ಷ. ಕಾಯಂ ಪ್ರೊಫೆಸರ್ ಆಗಿದ್ದು 1770ರಲ್ಲಿ.

ಈಗ ದೇಹದ ವಿಷಯಕ್ಕೆ ಬರೋಣ. ಎತ್ತರ ಸುಮಾರು ಐದು ಅಡಿ ಚಿಲ್ಲರೆ. ಎದೆ ಚಪ್ಪಟೆ, ಕಿರಿದು. ಹೃದಯಕ್ಕೂ ಶ್ವಾಸಕೋಶಕ್ಕೂ ಒಳಗೆ ಅಲ್ಲಾಡೋಕೆ ಜಾಗವಿಲ್ಲ ಅನ್ನೋದು ಅವರದೇ ಡಯಾಗ್ನೋಸಿಸ್. ಅದರಿಂದ ಎದೆ ಬಿಗಿದ ಹಾಗಾಗೋದು, ಆ ಬಿಗಿತದಿಂದ ಏನೋ ದೊಡ್ಡ ಕಾಯಿಲೆ ಬಂದೇಬಿಟ್ಟಿತು ಅನ್ನೋ ಭಯ. ಒಂದು ಕಾಲಕ್ಕೆ ಬದುಕೇ ಸಾಕು ಅನ್ನಿಸುವಷ್ಟು ಹಿಂಸೆ ಆಗಿತ್ತು ಅಂತ ಮುಪ್ಪಿನಲ್ಲಿ ಅವರೇ ಬರೆದುಕೊಂಡಿದ್ದಾರೆ. ಅಂದ್ರೆ ವಾಕಿಂಗ್ ಅವರಿಗೆ ಶೋಕಿ ಆಗಿರಲಿಲ್ಲ. ತಲೆಯಲ್ಲಿ ಬರೆಯದೇ ಉಳಿದ ಪುಸ್ತಕಗಳಿದ್ದವು, ಅವನ್ನು ಹೊತ್ತ ಮೈ ಮೇಲೆ ಮಾತ್ರ ನಂಬಿಕೆ ಇರಲಿಲ್ಲ.

ಹಾಗಂತ ಮೊದಲಿನಿಂದ ಕಟ್ಟುನಿಟ್ಟಾಗಿದ್ದರು ಅಂದ್ಕೋಬೇಡಿ. ಮೂವತ್ತರ ಹರೆಯದ ಕಾಂಟ್ ಊರಲ್ಲೇ ಸ್ಟೈಲಿಶ್ ಮೇಷ್ಟ್ರು. ಜರಿ ಅಂಚಿನ ಕೋಟು, ಒಪ್ಪವಾಗಿ ಪೌಡರ್ ಹಾಕಿದ ವಿಗ್ಗು. ಸ್ಟೂಡೆಂಟ್ ಆಗಿದ್ದಾಗ ಬಿಲಿಯರ್ಡ್ಸ್ ಆಡಿ ಗೆದ್ದು ಖರ್ಚಿಗೆ ಕಾಸು ಮಾಡಿಕೊಂಡಿದ್ದ ಕೈ ಅದು. ಆಮೇಲೂ ಇಸ್ಪೀಟು ಬಿಡಲಿಲ್ಲ. ಊಟಕ್ಕೆ ಕರೆದವರ ಮನೆಗೆ ಹೋಗೋದು, ನಗಿಸೋದು, ರಾತ್ರಿ ಹೊತ್ತು ಮೀರಿ ಮನೆ ಸೇರೋದು. ನಮ್ಮ ಹಾಸ್ಟೆಲ್‌ನಲ್ಲೂ ಆರಾಮಾಗಿ ಹೊಂದಿಕೊಳ್ಳುತ್ತಿದ್ದರು ಅನ್ಸುತ್ತೆ.

ಬದಲಾಗಿದ್ದು ಒಬ್ಬ ಗೆಳೆಯನಿಂದ. ಜೋಸೆಫ್ ಗ್ರೀನ್ ಅಂತ, ಕೋನಿಗ್ಸ್‌ಬರ್ಗ್‌ನಲ್ಲಿ ನೆಲೆಸಿದ್ದ ಇಂಗ್ಲಿಷ್ ವ್ಯಾಪಾರಿ. 1760ರ ದಶಕದ ಮಧ್ಯದಲ್ಲಿ, ಕಾಂಟ್ ನಲವತ್ತು ದಾಟುವ ಹೊತ್ತಿಗೆ, ಇಬ್ಬರಿಗೂ ಸ್ನೇಹವಾಯಿತು. ನಿಜವಾದ ಗಡಿಯಾರದ ಮನುಷ್ಯ ಈ ಗ್ರೀನ್. ಒಮ್ಮೆ ತೀರ್ಮಾನ ಮಾಡಿದರೆ ಮುಗೀತು, ಆ ದಿನದ ಮೂಡು, ಮಳೆ, ಚಳಿ ಯಾವುದಕ್ಕೂ ಅದರಲ್ಲಿ ಜಾಗವಿಲ್ಲ. ಊರಿನ ಲೇಖಕ ಹಿಪ್ಪೆಲ್ 1765ರಲ್ಲಿ ಗಡಿಯಾರದ ಪ್ರಕಾರ ಬದುಕುವ ಒಬ್ಬನ ಮೇಲೆ ನಗೆನಾಟಕ ಬರೆದ. ಅದಕ್ಕೆ ಮಾದರಿ ಗ್ರೀನ್ ಅಂತಾರೆ, ಕಾಂಟ್ ಅಲ್ಲ.

ಒಂದು ಪ್ರಸಂಗ ಕೇಳಿ. ಒಂದು ಸಂಜೆ ಇಬ್ಬರೂ ಮಾತಾಡಿಕೊಂಡರು, ನಾಳೆ ಬೆಳಿಗ್ಗೆ ಎಂಟಕ್ಕೆ ಗಾಡಿಯಲ್ಲಿ ಊರಾಚೆ ಸುತ್ತಿಬರೋಣ ಅಂತ. ಮರುದಿನ ಏಳೂಮುಕ್ಕಾಲಿಗೇ ಗ್ರೀನ್ ಕೈಯಲ್ಲಿ ಗಡಿಯಾರ ಹಿಡಿದು ರೂಮಿನಲ್ಲಿ ಓಡಾಡುತ್ತಿದ್ದರು. ಏಳು ಐವತ್ತಕ್ಕೆ ಟೋಪಿ. ಏಳು ಐವತ್ತೈದಕ್ಕೆ ಕೋಲು. ಎಂಟರ ಮೊದಲ ಗಂಟೆ ಬಡಿದ ಕೂಡಲೇ ಗಾಡಿ ಹತ್ತಿ ಹೊರಟೇಬಿಟ್ಟರು. ದಾರಿಯಲ್ಲಿ ಕಾಂಟ್ ಎದುರು ಬರುತ್ತಿದ್ದಾರೆ, ಲೇಟ್ ಆಗಿದ್ದು ಎರಡೇ ನಿಮಿಷ. ಕೈ ಬೀಸಿದರು. ಗ್ರೀನ್ ನಿಲ್ಲಿಸಲಿಲ್ಲ. ಒಪ್ಪಂದ ಎಂಟಕ್ಕೆ ತಾನೇ!

ಈ ಕಥೆಯಲ್ಲಿ ಲೇಟಾಗಿ ಬಂದವರು ಕಾಂಟ್ ಅನ್ನೋದೇ ನನಗೆ ಖುಷಿ ಕೊಟ್ಟ ವಿಷಯ.

ನಮ್ಮಲ್ಲಾದರೆ ಸ್ನೇಹ ಅಲ್ಲಿಗೇ ಕಟ್ ಆಗ್ತಿತ್ತು. ಅವರ ವಿಷಯದಲ್ಲಿ ಉಲ್ಟಾ ಆಯ್ತು. ಮಧ್ಯಾಹ್ನವಾದ ಮೇಲೆ ಗ್ರೀನ್ ಮನೆಗೆ ನಡೆದು ಹೋಗೋದು ಕಾಂಟ್‌ಗೆ ದಿನಚರಿಯೇ ಆಯ್ತು. ಸಂಜೆ ಏಳರವರೆಗೆ ಮಾತು, ಶನಿವಾರ ಮಾತ್ರ ಸ್ವಲ್ಪ ಹೆಚ್ಚು ಹೊತ್ತು. ಏಳಕ್ಕೆ ಸರಿಯಾಗಿ ಎದ್ದು ಹೊರಡೋರು. ಕಾಂಟ್ ಹಾದುಹೋಗಿಲ್ಲ ಅಂದ್ರೆ ಇನ್ನೂ ಏಳಾಗಿಲ್ಲ ಅಂತ ಆ ಬೀದಿಯವರು ಲೆಕ್ಕ ಹಾಕುತ್ತಿದ್ದರಂತೆ. ಇಸ್ಪೀಟು ನಿಂತಿತು. ಹೊತ್ತು ಮೀರಿ ತಿರುಗೋದು ಕಡಿಮೆಯಾಯಿತು. ದಿನಾ ಹೋಗಿಬರೋ ನಡಿಗೆ ಮಾತ್ರ ಉಳಿಯಿತು, ಯಾಕಂದ್ರೆ ಆ ಕಡೆ ಕಾಯುವವರೊಬ್ಬರಿದ್ದರು. ಬರುವುದಿದ್ದರೆ ಸಮಯಕ್ಕೆ ಬರಬೇಕು, ಕಾಯುವವರು ಅಂಥವರು.

ಅವರ ಮುಖ್ಯ ಪುಸ್ತಕ, ಶುದ್ಧ ವಿಚಾರದ ವಿಮರ್ಶೆ, ಬಂದದ್ದು 1781ರಲ್ಲಿ. ಆಗ ವಯಸ್ಸು 57. ಅದರ ವಾದಗಳನ್ನೆಲ್ಲ ಗ್ರೀನ್ ಜೊತೆ ಚರ್ಚಿಸಿಯೇ ಬರೆದದ್ದು ಅಂತ ಕಾಂಟ್ ಹೇಳಿದ್ದನ್ನು ಅವರ ಶಿಷ್ಯರೊಬ್ಬರು ದಾಖಲಿಸಿದ್ದಾರೆ. ಒಂದು ಪುಸ್ತಕಕ್ಕೆ 57ರವರೆಗೆ ಕಾಯಬೇಕಾಗಿ ಬಂದ ಮನುಷ್ಯನಿಗೆ ಆ ಚಪ್ಪಟೆ ಎದೆಯನ್ನು ಅಷ್ಟು ಕಾಲ ನಡೆಸಿಕೊಂಡು ಹೋಗೋದು ಎಷ್ಟು ಮುಖ್ಯವಾಗಿತ್ತು ನೋಡಿ. ಉಳಿದ ದೊಡ್ಡ ಪುಸ್ತಕಗಳೆಲ್ಲ ಬಂದಿದ್ದೂ ಅದರ ನಂತರವೇ.

1786ರಲ್ಲಿ ಗ್ರೀನ್ ತೀರಿಕೊಂಡರು. ನಾನಾಗಿದ್ದರೆ ವಾಕಿಂಗ್ ಅಲ್ಲಿಗೇ ನಿಲ್ಲುತ್ತಿತ್ತು, ರೂಮ್‌ಮೇಟ್ ಊರಿಗೆ ಹೋದ ವಾರವೇ ನಾನು ಜಿಮ್ ಬಿಡುವವನು. ಕಾಂಟ್ ಸಂಜೆಯ ಪಾರ್ಟಿಗಳಿಗೆ ಹೋಗೋದು ನಿಲ್ಲಿಸಿದರು. ನಡಿಗೆ ನಿಲ್ಲಿಸಲಿಲ್ಲ. ಅಷ್ಟು ಹೊತ್ತಿಗೆ ಸ್ವಂತ ಮನೆ ಆಗಿತ್ತು. ನಾವೆಲ್ಲ ಕೇಳಿರೋ ಗಡಿಯಾರದ ಕಾಂಟ್ ಈ ಕೊನೆಯ ಕಾಲದವರು, ಅರವತ್ತು ದಾಟಿದವರು.

ಆ ದಿನಗಳ ಟೈಮ್‌ಟೇಬಲ್ ಹೀಗೆ. ಬೆಳಿಗ್ಗೆ ಐದಕ್ಕೆ ಐದು ನಿಮಿಷ ಇರುವಾಗ ಸೇವಕ ಲಾಂಪೆ ರೂಮಿಗೆ ಬಂದು ಎಬ್ಬಿಸಬೇಕು. ಲಾಂಪೆ ಸೈನ್ಯದಲ್ಲಿದ್ದು ಬಂದವನು, ಸ್ನೂಜ್ ಬಟನ್ ಇಲ್ಲದ ಅಲಾರಂ. ಎಷ್ಟೇ ನಿದ್ದೆಯಿದ್ದರೂ ಬಿಡಬಾರದು ಅಂತ ಆಜ್ಞೆ. ಎರಡನೇ ಸಲ ಎಬ್ಬಿಸಬೇಕಾಗಿ ಬಂದದ್ದೇ ಇಲ್ಲ ಅಂತ ಊಟಕ್ಕೆ ಬಂದವರ ಮುಂದೆ ಲಾಂಪೆಯ ಸಾಕ್ಷಿ ಕರೆದು ಹೆಮ್ಮೆಪಡುತ್ತಿದ್ದರು. ಆಮೇಲೆ ಟೀ, ಒಂದು ಪೈಪ್ ತಂಬಾಕು. ಏಳಕ್ಕೆ ಪಾಠ. ನಂತರ ಬರವಣಿಗೆ. ಮಧ್ಯಾಹ್ನ ಒಂದಕ್ಕೆ ಗೆಳೆಯರ ಜೊತೆ ಊಟ, ದಿನಕ್ಕೆ ಅದೊಂದೇ ಊಟ, ಗಂಟೆಗಟ್ಟಲೆ ಹರಟೆ. ಊಟ ಮುಗಿದ ಮೇಲೆ ವಾಕಿಂಗ್. ರಾತ್ರಿ ಹತ್ತಕ್ಕೆ ಹಾಸಿಗೆ.

ವಾಕಿಂಗ್ ಅಂದ್ರೆ ಏನೋ ಭಾರಿ ವರ್ಕೌಟ್ ಅಲ್ಲ. ಸುಮಾರು ಒಂದು ಗಂಟೆ, ನಿಧಾನವಾಗಿ. ಬೆವರು ಬರಬಾರದು ಅನ್ನೋದು ಅವರ ರೂಲು. ಬೇಸಿಗೆಯಲ್ಲಿ ಬೆವರೋ ಸೂಚನೆ ಕಂಡರೆ ಮರದ ನೆರಳಲ್ಲಿ ಯಾರಿಗೋ ಕಾಯುವವರ ಹಾಗೆ ಸುಮ್ಮನೆ ನಿಂತುಬಿಡೋರು. ಕೊನೆಕೊನೆಗೆ ಒಬ್ಬರೇ ಹೋಗೋದನ್ನೇ ಇಷ್ಟಪಟ್ಟರು. ಜೊತೆಗೆ ಯಾರಾದರೂ ಬಂದ್ರೆ ಮಾತಾಡಬೇಕು, ಮಾತಾಡಿದರೆ ಬಾಯಿಂದ ಉಸಿರು, ತಣ್ಣನೆ ಗಾಳಿ ನೇರ ಎದೆಗೆ. ಮೂಗಿನಿಂದಲೇ ಉಸಿರಾಡಬೇಕು ಅನ್ನೋದರ ಬಗ್ಗೆ ಎಪ್ಪತ್ತು ದಾಟಿದ ಮೇಲೆ ಬರೆದೂ ಇದ್ದಾರೆ. ಇದೆಲ್ಲ ಸೈನ್ಸ್ ಪ್ರಕಾರ ಎಷ್ಟು ಸರಿಯೋ ಅದು ಬೇರೆ ಮಾತು. ಬೆವರದೆ ವ್ಯಾಯಾಮ ಅಂದ್ರೆ ನಮ್ಮ ಪಿಟಿ ಸರ್ ನಗ್ತಾರೆ. ಆದರೆ ನಾವು ಮೊದಲ ದಿನವೇ ಐದು ಕಿಲೋಮೀಟರ್ ಓಡಿ, ಮರುದಿನ ಮೆಟ್ಟಿಲು ಇಳಿಯೋಕಾಗದೆ ಗೋಡೆ ಹಿಡಿದುಕೊಂಡು ಮೆಸ್‌ಗೆ ಬರ್ತೀವಲ್ಲ, ಅದು ಅವರ ಲೆಕ್ಕದಲ್ಲಿರಲಿಲ್ಲ. ನಾಳೆ ಮತ್ತೆ ಮಾಡೋಕೆ ಆಗುವಷ್ಟೇ ಇವತ್ತು.

ಮೇಷ್ಟ್ರಲ್ಲಿ ಒಬ್ಬ ಎಂಜಿನಿಯರ್ ಕೂಡ ಇದ್ದರು. ಬರೆಯುತ್ತಾ ಕೂತಾಗ ಕರ್ಚೀಫನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ದೂರದ ಕುರ್ಚಿ ಮೇಲೆ ಇಡೋರು. ಬೇಕಾದಾಗಲೆಲ್ಲ ಏಳಲೇಬೇಕು, ನಾಲ್ಕು ಹೆಜ್ಜೆ ನಡೆಯಲೇಬೇಕು. ಗಂಟೆಗೊಮ್ಮೆ ಏಳಿ ಅಂತ ನಮ್ಮ ಸ್ಮಾರ್ಟ್‌ವಾಚ್ ಕಿರಿಕಿರಿ ಮಾಡೋ ಕೆಲಸವನ್ನು ಒಂದು ಬಟ್ಟೆ ಚೂರು ಮಾಡುತ್ತಿತ್ತು. ಇನ್ನೊಂದು ಇನ್ನೂ ಮಜಾ. ಆ ಕಾಲದಲ್ಲಿ ಉದ್ದ ಕಾಲುಚೀಲ ಜಾರದ ಹಾಗೆ ತೊಡೆಗೆ ಪಟ್ಟಿ ಬಿಗಿಯೋರು. ಅದರಿಂದ ರಕ್ತ ಓಡಾಡಲ್ಲ ಅನ್ನೋದು ಕಾಂಟ್ ತಕರಾರು. ಹಾಗಾಗಿ ಸ್ವಂತ ಡಿಸೈನ್: ಜೇಬುಗಡಿಯಾರದಂಥ ಎರಡು ಪುಟ್ಟ ಡಬ್ಬಿ, ಒಳಗೆ ಸುತ್ತಿದ ಸ್ಪ್ರಿಂಗು, ಅದರಿಂದ ಹೊರಟ ದಾರ ಚಡ್ಡಿಯೊಳಗಿಂದ ಇಳಿದು ಕೊಕ್ಕೆಯಿಂದ ಕಾಲುಚೀಲ ಹಿಡಿದುಕೊಳ್ಳುತ್ತೆ. ಬಿಗಿ ಹೆಚ್ಚು-ಕಡಿಮೆ ಮಾಡೋ ವ್ಯವಸ್ಥೆಯೂ ಇತ್ತು. ಒಮ್ಮೆ ಅದು ಕೈಕೊಟ್ಟಾಗ ಮೇಷ್ಟ್ರು ಕಂಗಾಲಾಗಿದ್ದರಂತೆ. ಮಿನಿ ಪ್ರಾಜೆಕ್ಟ್ ಮಾಡಿದ ನಮಗೆ ಆ ಸಂಕಟ ಅರ್ಥವಾಗುತ್ತೆ.

ಇನ್ನು, ತಪ್ಪದೇ ಹೋದರು ಅನ್ನೋದಕ್ಕೂ ಒಂದು ತಿದ್ದುಪಡಿ ಬೇಕು. ನೆರೆಹೊರೆಯವರು ಗಡಿಯಾರ ಸರಿಮಾಡಿಕೊಂಡರು, ಹಿಂದೆ ಲಾಂಪೆ ಕೊಡೆ ಹಿಡಿದು ಹೋಗುತ್ತಿದ್ದ ಅನ್ನೋ ಚಿತ್ರ ಪ್ರಸಿದ್ಧವಾಗಿದ್ದು ಕವಿ ಹೈನೆಯಿಂದ. ಕಾಂಟ್ ಸತ್ತಾಗ ಹೈನೆಗೆ ಆರು ವರ್ಷ. ಕಣ್ಣಾರೆ ಕಂಡದ್ದಲ್ಲ, ಕವಿ ಸ್ವಲ್ಪ ಉಪ್ಪು ಖಾರ ಹಾಕಿರ್ತಾರೆ. ಇನ್ನು 1762ರಲ್ಲಿ ರೂಸೋನ ಎಮಿಲ್ ಕೈಗೆ ಬಂದಾಗ ಕಾಂಟ್ ಕೆಲವು ದಿನ ವಾಕಿಂಗಿಗೇ ಹೋಗಲಿಲ್ಲ, ಪುಸ್ತಕ ಕೆಳಗಿಡೋಕೆ ಆಗಲಿಲ್ಲ. ಆ ರೂಸೋನ ಪಟ ಅವರ ಮನೆಯ ಗೋಡೆಯಲ್ಲಿದ್ದ ಒಂದೇ ಒಂದು ಚಿತ್ರ. ಪುಸ್ತಕ ಮುಗಿಯಿತು, ಮತ್ತೆ ಹೊರಟರು, ಅಷ್ಟೇ. ನಾವು ಸಾಮಾನ್ಯವಾಗಿ ಎರಡು ದಿನ ತಪ್ಪಿದ್ರೆ ಮುಂದಿನ ಸೋಮವಾರದಿಂದ, ಸೋಮವಾರವೂ ತಪ್ಪಿದ್ರೆ ಮುಂದಿನ ಸೆಮಿಸ್ಟರ್‌ನಿಂದ.

ಎಪ್ಪತ್ತರ ನಂತರ ಕಾಲು ಸೋಲತೊಡಗಿತು. ಆಗಲೂ ಸುಮ್ಮನೆ ಕೂರಲಿಲ್ಲ, ನಡಿಗೆಯ ಡಿಸೈನ್ ಬದಲಿಸಿದರು. ಪಾದವನ್ನು ಓರೆಯಾಗಿ ಊರಿದರೆ ಜಾರುತ್ತೆ, ನೇರವಾಗಿ ಮೇಲಿಂದ ಕೆಳಕ್ಕೆ ಧಪ್ಪನೆ ಇಟ್ಟರೆ ಇಡೀ ಅಂಗಾಲು ನೆಲ ಹಿಡಿಯುತ್ತೆ ಅಂತ ಲೆಕ್ಕ. ಹಾಗೇ ಸದ್ದು ಮಾಡುತ್ತಾ ನಡೆದರು. ಲೆಕ್ಕ ಸರಿಯಿದ್ದರೂ ಕಾಲಲ್ಲಿ ಶಕ್ತಿ ಇರಬೇಕಲ್ಲ. ಒಂದು ದಿನ ಬೀದಿಯಲ್ಲಿ ಬಿದ್ದುಬಿಟ್ಟರು, ತಾವಾಗೇ ಏಳೋಕೆ ಆಗಲಿಲ್ಲ. ದಾರಿಯಲ್ಲಿದ್ದ ಇಬ್ಬರು ಅಪರಿಚಿತ ಹೆಣ್ಣುಮಕ್ಕಳು ಓಡಿಬಂದು ಎಬ್ಬಿಸಿದರು. ಮೇಷ್ಟ್ರು ಮನಸಾರೆ ಧನ್ಯವಾದ ಹೇಳಿ, ಕೈಯಲ್ಲಿದ್ದ ಗುಲಾಬಿಯನ್ನು ಒಬ್ಬರಿಗೆ ಕೊಟ್ಟರು.

ಆ ಬೀಳುವಿಕೆಯ ಸ್ವಲ್ಪ ದಿನಗಳಲ್ಲೇ ನಡಿಗೆ ನಿಂತಿತು. 1802ರ ವಸಂತದಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಗೆಳೆಯ ವಾಸಿಯಾನ್ಸ್ಕಿ ಹೊರಗಿನ ಗಾಳಿ ಸೋಕಲಿ ಅಂತ ಅವರನ್ನು ಗಾಡಿಯಲ್ಲಿ ಕೂರಿಸಿ ಕರೆದೊಯ್ಯತೊಡಗಿದರು. ಅದೇ ವರ್ಷ ಲಾಂಪೆಯೂ ಕೆಲಸ ಬಿಟ್ಟುಹೋಗಬೇಕಾಯಿತು. ಲಾಂಪೆ ಹೆಸರನ್ನು ಇನ್ನು ಮರೆತುಬಿಡಬೇಕು ಅಂತ, ಮರೆಯದಿರಲಿ ಅಂತ, ಕಾಂಟ್ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. 1804ರ ಫೆಬ್ರವರಿ 12ರಂದು ತೀರಿಕೊಂಡಾಗ ಎಂಬತ್ತು ತುಂಬೋಕೆ ಎರಡು ತಿಂಗಳು ಬಾಕಿ. ಆ ಚಳಿಗೆ ನೆಲ ಹೆಪ್ಪುಗಟ್ಟಿ ಅಗೆಯೋಕೆ ಆಗದೆ ಫೆಬ್ರವರಿ 28ರವರೆಗೆ ಕಾದು ಮಣ್ಣು ಮಾಡಿದರು.