ಬಾಣಂತಿಯರ ಬಂಧು ಸೆಮ್ಮೆಲ್ವೈಸ್

ಜೀವ ಉಳಿಸಬೇಕಾದ ಕೈಯೇ ಜೀವಕ್ಕೆ ಎರವಾಗುತ್ತಿದೆಯೆಂದು ಸಹವೈದ್ಯರಿಗೆ ತಿಳಿಸಿ, ಅದರ ಬೆಲೆಯನ್ನು ತಾವೇ ತೆತ್ತವರು ಇಗ್ನಾಜ್ ಸೆಮ್ಮೆಲ್ವೈಸ್ ಮಹಾಶಯರು.

1818ರ ಜುಲೈ 1ರಂದು ಹಂಗೇರಿಯ ಬುಡಾ ಪಟ್ಟಣದಲ್ಲಿ ಜನಿಸಿದ ಅವರು, 1846ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು. ಅಲ್ಲಿ ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಾರ್ಡಿಗಿಂತ ವೈದ್ಯವಿದ್ಯಾರ್ಥಿಗಳ ವಾರ್ಡಿನಲ್ಲಿ ಬಾಣಂತಿ ಜ್ವರದ ಸಾವು ಬಹಳ ಹೆಚ್ಚು. 1847ರಲ್ಲಿ ಮಿತ್ರರಾದ ಕೊಲೆಚ್ಕಾ ಅವರು ಶವಪರೀಕ್ಷೆಯ ವೇಳೆ ಚೂರಿ ತಗುಲಿ, ಅದೇ ಬಗೆಯ ಜ್ವರದಿಂದ ಮೃತರಾದರು. ಆಗ ಕಾರಣ ಹೊಳೆಯಿತು: ಶವದ ನಂಜು ವೈದ್ಯರ ಕೈಯಿಂದಲೇ ಬಾಣಂತಿಯರಿಗೆ ಅಂಟುತ್ತಿತ್ತು. ತಮ್ಮ ಕೈಯೂ ಇದಕ್ಕೆ ಹೊರತಲ್ಲವೆಂದು ಅವರು ಮರೆಮಾಚದೆ ಒಪ್ಪಿದರು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆ ವಿಧಿಸಿದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣ ಜುಲೈಯಲ್ಲಿ 1ರ ಆಸುಪಾಸಿಗೆ ಇಳಿಯಿತು.

ಆದರೆ ತಪ್ಪು ತಮ್ಮದೆಂಬುದನ್ನು ಹಿರಿಯರು ಸಹಿಸಲಿಲ್ಲ. ಮುಖ್ಯಸ್ಥ ಕ್ಲೈನ್ ಅವರ ವಿರೋಧದಿಂದ 1849ರಲ್ಲಿ ಸೆಮ್ಮೆಲ್ವೈಸರ ಹುದ್ದೆ ಮುಂದುವರಿಯಲಿಲ್ಲ. ಮರುವರ್ಷ ಸ್ವದೇಶಕ್ಕೆ ಮರಳಿ, ಪೆಸ್ಟ್ ನಗರದ ಆಸ್ಪತ್ರೆಯಲ್ಲಿಯೂ ಅದೇ ಕ್ರಮದಿಂದ ಸಾವನ್ನು ತಗ್ಗಿಸಿದರು. 1861ರಲ್ಲಿ ಗ್ರಂಥ ಬರೆದರು, ಪಂಡಿತರು ಮನ್ನಿಸಲಿಲ್ಲ. ಕಡೆಗೆ ಮನಸ್ಸು ಕದಡಿ, 1865ರ ಆಗಸ್ಟ್ 13ರಂದು, 47ರ ವಯಸ್ಸಿನಲ್ಲಿ, ಮಾನಸಿಕ ಚಿಕಿತ್ಸಾಲಯದಲ್ಲಿ ಗಾಯದ ನಂಜೇರಿ ಅಸುನೀಗಿದರು.

ಇಂದು ಶಿರವಾಡದ ಗರ್ಭಿಣಿಯೊಬ್ಬಳು ಹೆರಿಗೆಗೆಂದು ಕಾರವಾರಕ್ಕೆ ಹೋದರೆ, ವೈದ್ಯರು ಕೈ ತೊಳೆಯದೆ ಅವಳನ್ನು ಮುಟ್ಟಬಾರದೆಂಬುದು ನಿಯಮ. ಆ ನಿಯಮವನ್ನು ಸಾರಿದವರು ಹುದ್ದೆ ಕಳೆದುಕೊಂಡಿದ್ದರು. ರೋಗಿಯ ಪರವಾಗಿ ಅಪ್ರಿಯ ಸತ್ಯ ನುಡಿಯುವವರನ್ನು ಹೊರಗಟ್ಟುವ ಮುನ್ನ, ಅವರ ಮಾತನ್ನು ಪರೀಕ್ಷಿಸಿ ನೋಡುವುದು ವಿದ್ಯಾವಂತರ ಧರ್ಮವಾಗಿದೆ.